ಕಲಬುರಗಿಯಿಂದ ಮಾರಿಷಸ್‌ಗೆ, ಏಜೆಂಟರಿಲ್ಲದೆ: ನಾನು ಯೋಜನೆ ಹಾಕುವ ಕ್ರಮ

ಮಾರಿಷಸ್‌ಗೆ ಸ್ವಂತವಾಗಿ ಹೋಗಬೇಕೆನ್ನುವವರು ಸಾಮಾನ್ಯವಾಗಿ ಮೊದಲು ಹೋಟೆಲ್ ಹುಡುಕುತ್ತಾರೆ. ನಾನು ಹೋಟೆಲನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ದ್ವೀಪದೊಳಗೆ ಏನಾದರೂ ಎಡವಟ್ಟಾದರೆ ಅಲ್ಲೇ ಸರಿಪಡಿಸಬಹುದು, ರೂಮು ಹಿಡಿಸದಿದ್ದರೆ ಬದಲಿಸಬಹುದು, ಮಳೆ ಹಿಡಿದರೆ ಸಮುದ್ರವನ್ನು ಮರುದಿನಕ್ಕೆ ಹಾಕಬಹುದು. ಕಲಬುರಗಿ ಸ್ಟೇಷನ್ನಿನಿಂದ ಮುಂಬೈಯ ವಿಮಾನದ ಬಾಗಿಲವರೆಗಿನ ದಾರಿಯಲ್ಲಿ ತಪ್ಪಿದರೆ ಮಾತ್ರ ಇಡೀ ಟಿಕೆಟ್ಟಿನ ಹಣ ನೀರಿಗೆ ಹೋಗುತ್ತದೆ. ಆದ್ದರಿಂದ ಮೊದಲು ಯಾವ ತಿಂಗಳು, ಆಮೇಲೆ ವಿಮಾನ ನಿಲ್ದಾಣಕ್ಕೆ ಯಾವ ದಾರಿ, ಅದಾದ ಮೇಲೆ ಟಿಕೆಟ್. ಉಳಿದದ್ದೆಲ್ಲ ಇವುಗಳ ಹಿಂದೆ ತಾನಾಗಿ ಬರುತ್ತದೆ.

ತಿಂಗಳಿನ ವಿಷಯ. ಮಾರಿಷಸ್ ಭೂಮಧ್ಯರೇಖೆಯ ದಕ್ಷಿಣಕ್ಕಿದೆ, ನಮ್ಮ ಬೇಸಿಗೆ ಮುಗಿಯುವಾಗ ಅಲ್ಲಿ ಚಳಿಗಾಲ ಶುರುವಾಗುತ್ತದೆ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಸೆಕೆ, ಮಳೆ, ಚಂಡಮಾರುತ. ಮೇಯಿಂದ ಅಕ್ಟೋಬರ್‌ವರೆಗೆ ತಂಪು, ಒಣ ಹವೆ. ಮಕ್ಕಳಿರುವ ಮನೆಯವರಿಗೆ ಸಿಗುವುದು ಬೇಸಿಗೆ ರಜೆ ಇಲ್ಲವೇ ದಸರಾ ರಜೆ. ಏಪ್ರಿಲ್‌ಗಿಂತ ಮೇ ಮೇಲು, ಮೇಗಿಂತ ಅಕ್ಟೋಬರ್ ಮೇಲು. ಅಕ್ಟೋಬರ್ ಅಲ್ಲಿ ವರ್ಷದಲ್ಲೇ ಅತಿ ಕಡಿಮೆ ಮಳೆಯ ತಿಂಗಳು, ಗಾಳಿಯೂ ಇಳಿಯುತ್ತಿರುತ್ತದೆ, ಸಮುದ್ರದ ನೀರು ಮತ್ತೆ ಬೆಚ್ಚಗಾಗುತ್ತಿರುತ್ತದೆ. ಮೇ ತಿಂಗಳಲ್ಲಿ ಹೋಗುವವರು ಕಲಬುರಗಿಯ 42 ಡಿಗ್ರಿ ಬಿಸಿಲಲ್ಲಿ ಚೀಲ ಕಟ್ಟುತ್ತಾರೆ, ಸ್ವೆಟರ್ ಎಂದರೆ ನಗು ಬರುತ್ತದೆ. ಆದರೂ ತಲೆಗೊಂದು ಸ್ವೆಟರ್ ಇಟ್ಟುಕೊಳ್ಳಲೇಬೇಕು. ದ್ವೀಪದ ನಡುವಿನ ಕ್ಯೂರ್‌ಪಿಪ್ ಊರು ಸಮುದ್ರಮಟ್ಟದಿಂದ 500 ಮೀಟರಿಗೂ ಮೇಲಿದೆ, ಅಲ್ಲಿ ಮೋಡ, ಜಡಿಮಳೆ, ಥಂಡಿ ಸಾಮಾನ್ಯ.

ಜನವರಿಯಿಂದ ಮಾರ್ಚ್‌ವರೆಗೆ ಟಿಕೆಟ್ ಅಗ್ಗ ಕಂಡರೂ ನಾನು ಬೇಡವೆನ್ನುತ್ತೇನೆ. ಚಂಡಮಾರುತದ ಎಚ್ಚರಿಕೆಯನ್ನು ಅಲ್ಲಿ 1ರಿಂದ 4ರವರೆಗೆ ದರ್ಜೆ ಹಾಕಿ ಕೊಡುತ್ತಾರೆ. 3ಕ್ಕೆ ಏರಿತೆಂದರೆ ಬಸ್ಸು, ಅಂಗಡಿ, ಕಚೇರಿ ಎಲ್ಲ ಬಂದ್, ಹೋಟೆಲಿನಿಂದ ಹೊರಬೀಳುವಂತಿಲ್ಲ, ವಿಮಾನಗಳೂ ನಿಲ್ಲುತ್ತವೆ. ಆ ತಿಂಗಳಲ್ಲೇ ಹೋಗಬೇಕಾದ ಅನಿವಾರ್ಯ ಇದ್ದರೆ ಮರಳಿದ ಮೇಲೆ ಕನಿಷ್ಠ ಎರಡು ದಿನ ರಜೆ ಉಳಿಸಿಕೊಂಡಿರಬೇಕು.

ಈಗ ದಾರಿ. ಮುಂಬೈಯಿಂದ ಏರ್ ಮಾರಿಷಸ್‌ನ ನೇರ ವಿಮಾನ ಇದೆ, ಹಾರಾಟ ಸುಮಾರು 6 ಗಂಟೆ. ಕಲಬುರಗಿಯವರಿಗೆ ಇದೇ ಸರಿಯಾದದ್ದು, ಸೋಲಾಪುರ, ಪುಣೆ ಮೇಲೆ ರಾತ್ರಿ ರೈಲು ಹತ್ತಿದರೆ ಬೆಳಗ್ಗೆ ಮುಂಬೈ. ಯಾದಗಿರಿಯವರಿಗೂ ಇದೇ ಮಾರ್ಗ, ಉದ್ಯಾನ್ ಎಕ್ಸ್‌ಪ್ರೆಸ್ ಸಿಗದಿದ್ದರೆ ವಾಡಿಗೆ ಬಂದು ಹೈದರಾಬಾದ್‌ನಿಂದ ಮುಂಬೈಗೆ ಹೋಗುವ ಹುಸೇನ್‌ಸಾಗರ್ ರೈಲು ಹಿಡಿಯಬಹುದು. ಬೀದರ್‌ನವರ ಲೆಕ್ಕ ಬೇರೆ. ಅವರಿಗೆ ಹೈದರಾಬಾದಿನ ಶಂಷಾಬಾದ್ ವಿಮಾನ ನಿಲ್ದಾಣ ರಸ್ತೆಯಲ್ಲಿ ಮೂರು ಗಂಟೆಯ ಆಸುಪಾಸು. ಅಲ್ಲಿಂದ ದುಬೈ ಸುತ್ತಿ ಹೋದರೆ ಹಾರಾಟ ಉದ್ದವಾಗುತ್ತದೆ, ಆದರೆ ಒಂದೇ ಟಿಕೆಟ್ಟಿನಲ್ಲಿ ಕೊನೆಯವರೆಗೂ ಬ್ಯಾಗು ಹೋಗುತ್ತದೆ, ಒಂದು ವಿಮಾನ ತಡವಾಗಿ ಮುಂದಿನದು ತಪ್ಪಿದರೆ ಇನ್ನೊಂದು ಕೊಡುವ ಜವಾಬ್ದಾರಿ ಕಂಪನಿಯದು. ಕಲಬುರಗಿ ರೈಲು ತಡವಾಗಿ ಮುಂಬೈಯ ವಿಮಾನ ತಪ್ಪಿದರೆ ಯಾರ ಜವಾಬ್ದಾರಿಯೂ ಅಲ್ಲ. ಈ ವ್ಯತ್ಯಾಸವೇ ಇಡೀ ಯೋಜನೆಯ ಬುಡ.

ಆದ್ದರಿಂದ ರೈಲು ಮುಟ್ಟುವ ಸಮಯಕ್ಕೂ ವಿಮಾನ ಹೊರಡುವ ಸಮಯಕ್ಕೂ ನಡುವೆ 12 ಗಂಟೆ ಬಿಡುತ್ತೇನೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ಇಡೀ ದಿನ. ಮಳೆಗಾಲದಲ್ಲಿ ಕರ್ಜತ್–ಲೋಣಾವಳ ಘಾಟಿಯಲ್ಲಿ ಮಣ್ಣು ಕುಸಿಯುತ್ತದೆ, ಮುಂಬೈಯೊಳಗೆ ಹಳಿ ಮೇಲೆ ನೀರು ನಿಲ್ಲುತ್ತದೆ. ಘಾಟಿಯ ಮೇಲೆ ನಿಂತ ರೈಲಿನಿಂದ ಇಳಿದು ಬೇರೆ ವಾಹನ ಹಿಡಿಯುವ ಉಪಾಯವೂ ಇರುವುದಿಲ್ಲ. ಮುಂಬೈಯಲ್ಲಿ ಒಂದು ರಾತ್ರಿ ತಂಗುವ ಖರ್ಚನ್ನು ಹೋಟೆಲ್ ಖರ್ಚೆಂದು ಬರೆಯದೆ ವಿಮಾನದ ಟಿಕೆಟ್ ಖರ್ಚಿನಲ್ಲೇ ಸೇರಿಸಿ. ಹಾಗೆ ಬರೆದರೆ ಅದನ್ನು ಉಳಿಸುವ ಆಸೆ ಬರುವುದಿಲ್ಲ. ಮುಂಬೈಯ ಸಿಎಸ್‌ಎಂಟಿ ರೈಲು ನಿಲ್ದಾಣದಲ್ಲಿ ಇಳಿದರೆ ಮೆಟ್ರೋ 3ನೇ ಮಾರ್ಗ ನೇರವಾಗಿ ವಿಮಾನ ನಿಲ್ದಾಣದ ಟಿ2 ಟರ್ಮಿನಲ್‌ಗೆ ಹೋಗುತ್ತದೆ, 2025ರ ಅಕ್ಟೋಬರ್‌ನಿಂದ ಪೂರ್ತಿ ತೆರೆದಿದೆ. ಆದರೆ ರಾತ್ರಿಯಿಡೀ ಓಡುವುದಿಲ್ಲ.

ದಿನಾಂಕದ ಒಂದು ಬಲೆ ಇದೆ. ಅಂತರರಾಷ್ಟ್ರೀಯ ವಿಮಾನಗಳು ನಡುರಾತ್ರಿ ಕಳೆದು, ನಸುಕಿನಲ್ಲಿ ಹೊರಡುವುದು ಬಹಳ. ಟಿಕೆಟ್ ಮೇಲೆ 12ನೇ ತಾರೀಖು ಬೆಳಗಿನ ಜಾವ 4 ಗಂಟೆ ಎಂದಿದ್ದರೆ ನೀವು ವಿಮಾನ ನಿಲ್ದಾಣದಲ್ಲಿ ಇರಬೇಕಾದದ್ದು 11ರ ರಾತ್ರಿ ಊಟ ಮುಗಿಸಿ. ಅಂದರೆ ಕಲಬುರಗಿಯಿಂದ ರೈಲು ಹತ್ತುವುದು 10ರ ರಾತ್ರಿ. ಇದನ್ನು ಬಾಯಿಲೆಕ್ಕದಲ್ಲಿ ಮಾಡದೆ ಕ್ಯಾಲೆಂಡರ್ ಮೇಲೆ ವಿಮಾನದ ದಿನದಿಂದ ಹಿಂದಕ್ಕೆ ಗೆರೆ ಎಳೆದು ಬರೆಯಿರಿ, ರೈಲಿನ ದಿನಾಂಕ ಆಮೇಲೆ ಹಾಕಿ.

ಇನ್ನೊಂದು ತೊಡಕು ರೈಲು ಬುಕಿಂಗ್‌ನದು. ವಿಮಾನ ಟಿಕೆಟ್ಟನ್ನು ನಾಲ್ಕೈದು ತಿಂಗಳು ಮುಂಚೆ ತಗೊಂಡರೆ ದರ ಚಲೋ ಇರುತ್ತದೆ, ಆದರೆ 2024ರ ನವೆಂಬರ್‌ನಿಂದ ರೈಲಿನ ಮುಂಗಡ ಬುಕಿಂಗ್ 60 ದಿನಕ್ಕೆ ಇಳಿದಿದೆ. ವಿಮಾನ ಖಚಿತ, ರೈಲು ಅನಿಶ್ಚಿತ, ಹೀಗೆ ಎರಡು ಮೂರು ತಿಂಗಳು ಕಾಯಬೇಕು. ಬುಕಿಂಗ್ ತೆರೆಯುವ ದಿನ ಬೆಳಗ್ಗೆ 8ಕ್ಕೆ ಕೂತು ಮಾಡಿಬಿಡಿ. ದಸರಾದಿಂದ ದೀಪಾವಳಿವರೆಗೆ ಈ ಮಾರ್ಗದಲ್ಲಿ ವೇಟಿಂಗ್ ಲಿಸ್ಟ್ ಬೇಗ ಬೆಳೆಯುತ್ತದೆ. ಹೋಗುವ ರೈಲಿನ 60ನೇ ದಿನ ಬೇರೆ, ಮರಳುವ ರೈಲಿನದು ಬೇರೆ. ಎರಡಕ್ಕೂ ಪ್ರತ್ಯೇಕ ನೆನಪೋಲೆ ಬೇಕು.

ಪಾಸ್‌ಪೋರ್ಟ್ ಮರಳುವ ದಿನದಿಂದ ಲೆಕ್ಕ ಹಾಕಿ ಆರು ತಿಂಗಳಾದರೂ ಬಾಕಿ ಇರಲಿ. ಹೊಸದಾಗಿ ಮಾಡಿಸಲು ಬೆಂಗಳೂರಿಗೆ ಹೋಗಬೇಕಿಲ್ಲ, ಕಲಬುರಗಿಯಲ್ಲೇ ಕೇಂದ್ರವಿದೆ. ದೊಡ್ಡವರಿಗೆ 36 ಪುಟದ್ದಕ್ಕೆ 1,500 ರೂಪಾಯಿ, ತತ್ಕಾಲ್ ಆದರೆ ಮೇಲೆ 2,000. ಮಕ್ಕಳ ಪಾಸ್‌ಪೋರ್ಟ್‌ಗೆ 5 ವರ್ಷದ ಆಯುಷ್ಯ ಮಾತ್ರ, ಮನೆಯಲ್ಲಿ ದೊಡ್ಡವರದು ನೋಡಿ ಮಕ್ಕಳದು ಮರೆಯುವುದೇ ಹೆಚ್ಚು. ಹಳೆಯ ಪಾಸ್‌ಪೋರ್ಟ್‌ನಲ್ಲಿ ಹುಟ್ಟಿದೂರು ಗುಲಬರ್ಗಾ, ಆಧಾರ್‌ನಲ್ಲಿ ಕಲಬುರಗಿ ಎಂದಿದ್ದರೆ ಗಾಬರಿ ಬೇಡ, ವಿಮಾನ ಟಿಕೆಟ್ಟಿಗೆ ಊರಿನ ಹೆಸರು ಬೇಕಾಗುವುದಿಲ್ಲ.

ಬೇಕಾಗುವುದು ನಿಮ್ಮ ಹೆಸರು, ಅಕ್ಷರಕ್ಕಕ್ಷರ. ನಮ್ಮ ಕಡೆಯ ಹೆಸರುಗಳು ಉದ್ದ. ಶರಣಬಸಪ್ಪ ಎಂಬುದನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಒಬ್ಬರು ‘ಣ’ಕ್ಕೆ ‘ಎ’ ಸೇರಿಸುತ್ತಾರೆ, ಇನ್ನೊಬ್ಬರು ಬಿಡುತ್ತಾರೆ. ಮಲ್ಲಿಕಾರ್ಜುನದ ಕೊನೆಯಲ್ಲೂ ಇದೇ ಗೋಳು. ಟಿಕೆಟ್ ಮಾಡುವಾಗ ಆಧಾರ್, ಪ್ಯಾನ್ ನೋಡಬೇಡಿ. ಪಾಸ್‌ಪೋರ್ಟ್ ತೆರೆದು, ಫೋಟೋ ಪುಟದ ಕೆಳಗಿರುವ ಎರಡು ಸಾಲಿನ ಅಕ್ಷರಗಳನ್ನು ನೋಡಿ ಟೈಪ್ ಮಾಡಿ. ಸರ್‌ನೇಮ್ ಜಾಗ ಖಾಲಿ ಇರುವವರು ಬುಕಿಂಗ್‌ಗೆ ಮುಂಚೆ ಆ ವಿಮಾನ ಕಂಪನಿಯ ನಿಯಮ ಓದಬೇಕು, ಒಂದೊಂದು ಕಂಪನಿ ಒಂದೊಂದು ರೀತಿ ತುಂಬಲು ಹೇಳುತ್ತದೆ. ಟಿಕೆಟ್ ಕೈಗೆ ಬಂದ ದಿನವೇ ತಾಳೆ ನೋಡಿ, ಮೊದಲ ದಿನ ಸುಲಭವಾಗಿ ಆಗುವ ತಿದ್ದುಪಡಿ ಕೌಂಟರಿನ ಮುಂದೆ ಆಗುವುದಿಲ್ಲ.

ಭಾರತೀಯ ಪ್ರವಾಸಿಗರಿಗೆ ಮಾರಿಷಸ್‌ಗೆ ಮುಂಚಿತ ವೀಸಾ ಬೇಡ. ಇಳಿದಾಗ ಮರಳುವ ಟಿಕೆಟ್, ತಂಗುವ ವಿಳಾಸ, ಖರ್ಚಿಗೆ ಹಣ ಇರುವ ಪುರಾವೆ ಕೇಳುತ್ತಾರೆ. ಹೊರಡುವ ಮುನ್ನ ಆನ್‌ಲೈನ್ ಪ್ರವಾಸ ಫಾರ್ಮ್ ತುಂಬಿ ಅದರ ಪ್ರತಿ ಇಟ್ಟುಕೊಂಡಿರಬೇಕು. ಎಲ್ಲವೂ ಫೋನಿನಲ್ಲಿದ್ದರೂ ಒಂದು ಸೆಟ್ ಕಾಗದದಲ್ಲಿರಲಿ.

ಹಣದ ವಿಷಯದಲ್ಲಿ ಮೊದಲ ತಿಳಿವಳಿಕೆ: ಪ್ಯಾಕೇಜ್ ಕೊಂಡರೆ ಮಾರುವವರು ಟಿಸಿಎಸ್, ಅಂದರೆ ಮಾರುವಾಗಲೇ ಹಿಡಿಯುವ ಆದಾಯ ತೆರಿಗೆ, ವಸೂಲಿ ಮಾಡುತ್ತಾರೆ. ಅದು ರಿಟರ್ನ್ ಸಲ್ಲಿಸುವಾಗ ಹೊಂದಾಣಿಕೆಯಾಗುತ್ತದೆ, ಆದರೂ ಅಷ್ಟು ತಿಂಗಳು ಹಣ ಸಿಕ್ಕಿಬೀಳುತ್ತದೆ. ವಿಮಾನ ಟಿಕೆಟ್ ಒಂದು ಕಡೆ, ಹೋಟೆಲ್ ಇನ್ನೊಂದು ಕಡೆ ಬಿಡಿಬಿಡಿಯಾಗಿ ಕೊಂಡರೆ ಅದು ಪ್ಯಾಕೇಜ್ ಅಲ್ಲ. ಮಾರಿಷಸ್ ರೂಪಾಯಿ ಹೆಚ್ಚುಕಡಿಮೆ ನಮ್ಮ ಎರಡು ರೂಪಾಯಿಗೆ ಸಮ, ಹೆಸರು ಒಂದೇ ಆದ್ದರಿಂದ ಬೆಲೆ ಪಟ್ಟಿ ನೋಡಿ ಅಗ್ಗ ಎನಿಸುತ್ತದೆ. ನೋಡಿದ್ದನ್ನೆಲ್ಲ ದುಪ್ಪಟ್ಟು ಮಾಡಿ ಓದುವ ರೂಢಿ ಮೊದಲ ದಿನದಿಂದಲೇ ಬರಲಿ. ಕಾರ್ಡ್ ವಿದೇಶದಲ್ಲಿ ನಡೆಯದಿರುವುದಕ್ಕೆ ಬಹುಪಾಲು ಕಾರಣ ಒಂದೇ, ಬ್ಯಾಂಕ್ ಆಪ್‌ನಲ್ಲಿ ಅಂತರರಾಷ್ಟ್ರೀಯ ಬಳಕೆಯ ಬಟನ್ ಒತ್ತಿರುವುದಿಲ್ಲ. ಒಟಿಪಿ ಬರುವ ಸಿಮ್ ಇಲ್ಲಿಯೇ ಇದ್ದಾಗ ಅದನ್ನು ಮುಗಿಸಿ. 2024ರ ಫೆಬ್ರವರಿಯಿಂದ ಅಲ್ಲಿ ಯುಪಿಐ ಶುರುವಾಗಿದೆ, ಅದಕ್ಕೂ ಆಪ್‌ನಲ್ಲಿ ಮುಂಚೆ ಅನುಮತಿ ಕೊಡಬೇಕು, ಎಲ್ಲ ಅಂಗಡಿಯಲ್ಲಿ ನಡೆಯುತ್ತದೆಂದು ನಂಬಿ ಹೋಗಬೇಡಿ. ಸ್ವೈಪ್ ಯಂತ್ರ ಭಾರತದ ರೂಪಾಯಿಯಲ್ಲಿ ಕಟ್ಟುತ್ತೀರಾ ಎಂದು ಕೇಳಿದರೆ ಬೇಡ, ಮಾರಿಷಸ್ ರೂಪಾಯಿಯನ್ನೇ ಆರಿಸಿ. ಆ ‘ಅನುಕೂಲ’ದ ದರ ಬ್ಯಾಂಕಿನ ದರಕ್ಕಿಂತ ಕೆಟ್ಟದ್ದಿರುತ್ತದೆ.

ಇಷ್ಟಾದ ಮೇಲೆ ತಂಗುವ ಜಾಗ. ದ್ವೀಪದ ವಿಸ್ತೀರ್ಣ ಸುಮಾರು 1,865 ಚದರ ಕಿಲೋಮೀಟರ್, ಯಾದಗಿರಿ ಜಿಲ್ಲೆಯ ಅರ್ಧಕ್ಕಿಂತಲೂ ಕಡಿಮೆ. ಇಷ್ಟು ಸಣ್ಣ ಜಾಗದಲ್ಲಿ ನಾಲ್ಕು ಹೋಟೆಲ್ ಬದಲಿಸುವುದು ದಂಡ. ಎರಡು ನೆಲೆ ಸಾಕು. ಯಾವ ದಿಕ್ಕು ಎನ್ನುವುದನ್ನು ಗಾಳಿ ಹೇಳುತ್ತದೆ. ವರ್ಷದ ಬಹುಭಾಗ ಆಗ್ನೇಯದಿಂದ ಗಾಳಿ ಬೀಸುತ್ತದೆ, ಜೂನ್‌ನಿಂದ ಆಗಸ್ಟ್‌ವರೆಗೆ ಜೋರು. ಆ ತೇವದ ಗಾಳಿ ನಡುವಿನ ಎತ್ತರಕ್ಕೆ ತಗುಲಿ ಅಲ್ಲೇ ಮಳೆ ಸುರಿಸಿಬಿಡುತ್ತದೆ, ಪಶ್ಚಿಮಕ್ಕೆ ಇಳಿಯುವಾಗ ಒಣಗಿರುತ್ತದೆ. ಅದಕ್ಕೇ ಪೂರ್ವ ಕರಾವಳಿಯಲ್ಲಿ ಮೋಡ ಕವಿದ ದಿನವೂ ಪಶ್ಚಿಮದ ಫ್ಲಿಕ್ ಆನ್ ಫ್ಲಾಕ್‌ನಲ್ಲಿ ಬಿಸಿಲಿರುತ್ತದೆ. ಮೇಯಿಂದ ಸೆಪ್ಟೆಂಬರ್‌ವರೆಗೆ ಮುಖ್ಯ ನೆಲೆ ಪಶ್ಚಿಮ ಅಥವಾ ಉತ್ತರದಲ್ಲಿರಲಿ. ಕೊನೆಯ ಎರಡು ರಾತ್ರಿ ಮಾತ್ರ ಆಗ್ನೇಯದ ಮಾಹೆಬೂರ್ ಅಥವಾ ಬ್ಲೂ ಬೇ ಹತ್ತಿರ, ಏಕೆಂದರೆ ವಿಮಾನ ನಿಲ್ದಾಣ ಇರುವುದು ಆ ಮೂಲೆಯಲ್ಲಿ, ರಾಜಧಾನಿ ಪೋರ್ಟ್ ಲೂಯಿಯ ಪಕ್ಕದಲ್ಲಲ್ಲ.

ಪಶ್ಚಿಮದ ನೆಲೆಯಿಂದ ಲ ಮೋರ್ನ್ ಬೆಟ್ಟ, ಶಮರೆಲ್‌ನ ಬಣ್ಣದ ಮಣ್ಣು, ಗಂಗಾ ತಲಾವ್ ಸಮೀಪ. ಪೋರ್ಟ್ ಲೂಯಿಯಲ್ಲಿ ಆಪ್ರವಾಸಿ ಘಾಟ್‌ಗೆ ಅರ್ಧ ದಿನ ಕೊಡಿ. 1834ರಿಂದ ಕರಾರು ಕೂಲಿಗಳಾಗಿ ಭಾರತದಿಂದ ಹೋದವರು ಹಡಗಿಳಿದು ಹತ್ತಿದ ಮೆಟ್ಟಿಲುಗಳು ಇವತ್ತಿಗೂ ಅಲ್ಲಿವೆ. ಸಮುದ್ರ ಮಾತ್ರ ನೋಡಿ ಬರುವವರು ಇದನ್ನು ಬಿಡುವುದು ನನಗೆ ಬೇಸರದ ಸಂಗತಿ.

ಓಡಾಟಕ್ಕೆ ಬಸ್ಸು ಅಗ್ಗ, ಆದರೆ ಸಂಜೆ ಆರರ ಹೊತ್ತಿಗೆ ಅನೇಕ ಮಾರ್ಗಗಳಲ್ಲಿ ನಿಂತುಬಿಡುತ್ತದೆ. ಪೋರ್ಟ್ ಲೂಯಿಯಿಂದ ಕ್ಯೂರ್‌ಪಿಪ್‌ವರೆಗೆ ಮೆಟ್ರೋ ಇದೆ. ದಕ್ಷಿಣದ ಒಳದಾರಿಗಳಿಗೆ ಎರಡು ಮೂರು ದಿನ ಕಾರು ಬಾಡಿಗೆಗೆ ತಗೊಳ್ಳುವುದೇ ಲೇಸು. ಅಲ್ಲೂ ಎಡಬದಿಯ ಸಂಚಾರ. ಹೊರಡುವ ಮುನ್ನ ನಿಮ್ಮ ಆರ್‌ಟಿಒ ಕಚೇರಿಯಲ್ಲಿ ನಮೂನೆ 4ಎ ಕೊಟ್ಟು ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿ, ಶುಲ್ಕ 1,000 ರೂಪಾಯಿ, ಅವಧಿ ಒಂದು ವರ್ಷ. ಕಾರಿನ ಠೇವಣಿಗೆ ಚಾಲಕರ ಹೆಸರಿನ ಕ್ರೆಡಿಟ್ ಕಾರ್ಡ್ ಕೇಳುತ್ತಾರೆ, ಡೆಬಿಟ್ ಕಾರ್ಡ್ ಒಪ್ಪದ ಕಡೆಯೇ ಹೆಚ್ಚು. ವೃತ್ತಗಳಲ್ಲಿ ಬಲದಿಂದ ಬರುವವರಿಗೆ ದಾರಿ ಬಿಡಬೇಕು, ಅಲ್ಲಿ ನಿಜಕ್ಕೂ ಬಿಡುತ್ತಾರೆ. ಟ್ಯಾಕ್ಸಿಯಾದರೆ ದರ ಹತ್ತುವ ಮುಂಚೆ ಮಾತಾಡಿ.

ನೀರಿನ ಬಗ್ಗೆ ಒತ್ತಿ ಹೇಳುತ್ತೇನೆ, ಏಕೆಂದರೆ ನಮ್ಮ ಜಿಲ್ಲೆಗಳಲ್ಲಿ ಈಜು ಕಲಿತವರು ಬಾವಿ, ಹೊಳೆಯಲ್ಲಿ ಕಲಿತವರು. ಮಾರಿಷಸ್‌ನ ಸುತ್ತ ಹವಳದ ದಂಡೆ ಇದೆ, ಅದರೊಳಗಿನ ನೀರು ಕೆರೆಯಂತೆ ಶಾಂತ. ಆದರೆ ದಂಡೆಯಲ್ಲಿ ಅಲ್ಲಲ್ಲಿ ಕಿಂಡಿಗಳಿವೆ. ಒಳಗೆ ತುಂಬಿದ ನೀರು ಆ ಕಿಂಡಿಗಳಿಂದಲೇ ಹೊರಗೆ ಎಳೆಯುತ್ತದೆ, ಆ ಸೆಳೆತಕ್ಕೆ ಎದುರಾಗಿ ಈಜಲಾಗದು. ದಕ್ಷಿಣದ ಗ್ರಿ-ಗ್ರಿ ಬಳಿ ದಂಡೆಯೇ ಇಲ್ಲ, ಅಲ್ಲಿ ನೋಡುವುದಷ್ಟೇ, ಇಳಿಯುವಂತಿಲ್ಲ. ಯಾವ ಬೀಚಿಗೆ ಹೋದರೂ ಸ್ಥಳೀಯರು ಎಲ್ಲಿ ಇಳಿದಿದ್ದಾರೋ ಅಲ್ಲೇ ಇಳಿಯಿರಿ. ರಬ್ಬರ್ ತಳದ ನೀರಿನ ಶೂ ಇಲ್ಲಿಂದಲೇ ಒಯ್ಯಿರಿ. ಮುಳ್ಳಿನ ಸಮುದ್ರಜೀವಿಗಳು, ಕಲ್ಲಿನ ಬಣ್ಣದಲ್ಲೇ ಅಡಗಿರುವ ವಿಷದ ಕಲ್ಲುಮೀನು ಕಣ್ಣಿಗೆ ಬೀಳದೆ ಬರಿಗಾಲಿಗೆ ಚುಚ್ಚುತ್ತವೆ.

ಚೀಲದೊಳಗೆ ಮೂರು ಚಪ್ಪಟೆ ಪಿನ್ನಿನ ಬ್ರಿಟಿಷ್ ಮಾದರಿ ಅಡಾಪ್ಟರ್ ಬೇಕು, ನಮ್ಮ ದಪ್ಪ ಗುಂಡು ಪಿನ್ ಹೋಗುವುದಿಲ್ಲ. ನಿದ್ದೆ ಮಾತ್ರೆ, ಬಲವಾದ ನೋವಿನ ಮಾತ್ರೆಗಳ ಬಗ್ಗೆ ಅಲ್ಲಿನ ಕಸ್ಟಮ್ಸ್ ಬಿಗಿ. ಅಂಥದ್ದನ್ನು ತೆಗೆದುಕೊಳ್ಳುವವರು ಮೊದಲೇ ಅನುಮತಿ ವಿಚಾರಿಸಬೇಕು. ಬಿಪಿ, ಸಕ್ಕರೆ ಮಾತ್ರೆಗಳನ್ನು ಮೂಲ ಸ್ಟ್ರಿಪ್‌ನಲ್ಲೇ, ವೈದ್ಯರ ಚೀಟಿಯೊಂದಿಗೆ ಕೈಚೀಲದಲ್ಲಿಡಿ. ಸೊಳ್ಳೆಗೆ ಹಚ್ಚುವ ಕ್ರೀಮ್ ಮರೆಯಬೇಡಿ, ಆ ಭಾಗದಲ್ಲಿ ಡೆಂಗಿ, ಚಿಕೂನ್‌ಗುನ್ಯಾ ಬಂದುಹೋಗುತ್ತವೆ.

ಊಟಕ್ಕೆ ಸಸ್ಯಾಹಾರಿಗಳು ಹೆದರಬೇಕಿಲ್ಲ. ಬೇಳೆ ಪುಡಿ ತುಂಬಿದ ಮೆತ್ತನೆಯ ಡಾಲ್ ಪೂರಿ ಬೀದಿ ಬೀದಿಯಲ್ಲಿ ಸಿಗುತ್ತದೆ, ಪಲ್ಯ, ಚಟ್ನಿ ಹಚ್ಚಿ ಸುತ್ತಿ ಕೊಡುತ್ತಾರೆ. ಆದರೂ ಮೊದಲೆರಡು ದಿನಕ್ಕೆ ಜೋಳದ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಇದ್ದರೆ ನಿರಾಳ. ರೊಟ್ಟಿ ಗಟ್ಟಿ ಡಬ್ಬಿಯಲ್ಲಿ ಕೈಚೀಲಕ್ಕೆ, ಕೆಳಗೆ ಹಾಕಿದರೆ ಪುಡಿಯಾಗುತ್ತದೆ. ಹಿಂಡಿ, ಉಪ್ಪಿನಕಾಯಿ ಎರಡು ಪದರ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಚೆಕ್-ಇನ್ ಬ್ಯಾಗಿಗೆ, ತಪಾಸಣೆಯಲ್ಲಿ ಪುಡಿ, ಎಣ್ಣೆ ಕಂಡರೆ ತೆಗೆಸುತ್ತಾರೆ. ಇಡೀ ಒಣಕೊಬ್ಬರಿಯನ್ನು ಎಣ್ಣೆಯಂಶದ ಕಾರಣ ಬ್ಯಾಗಿನಲ್ಲಿ ಬಿಡುವುದಿಲ್ಲ. ಹಸಿ ಕರಿಬೇವು, ಹಸಿಮೆಣಸಿನಕಾಯಿ, ಮಾವಿನಹಣ್ಣು, ಬಿತ್ತನೆ ಬೀಜ ಯಾವುದನ್ನೂ ಹಾಕಬೇಡಿ. ಪರವಾನಗಿ ಇಲ್ಲದ ಸಸ್ಯವಸ್ತುಗಳನ್ನು ಅಲ್ಲಿ ವಶಪಡಿಸಿಕೊಳ್ಳುತ್ತಾರೆ. ಬೇಯಿಸಿದ ತಿನಿಸನ್ನೂ ಫಾರ್ಮ್‌ನಲ್ಲಿ ಕೇಳಿದರೆ ಇದೆ ಎಂದೇ ಬರೆಯಿರಿ. ಡಬ್ಬಿ ತೆರೆದು ತೋರಿಸಿದರೆ ಕೆಲಸ ಮುಗಿಯಿತು.