ಲೂತ್ರೋದಿಂದ ಅನೋಪೊಲಿಗೆ: ಕ್ರೀಟ್ ದ್ವೀಪದಲ್ಲಿ ಹತ್ತಿದ್ದು, ಇಳಿದದ್ದು

ನಕ್ಷೆಯಲ್ಲಿ ಲೂತ್ರೋದಿಂದ ಅನೋಪೊಲಿಗೆ ಒಂದು ಬೆರಳಗಲ ದೂರ. ಅಣ್ಣನ ಮಗಳು ಅದನ್ನೇ ತೋರಿಸಿ, "ಅತ್ತೆ, ಇದು ನಿಮ್ಮ ಬೆಳಗಿನ ವಾಕಿಂಗ್ ಅಷ್ಟೇ" ಅಂದಳು. ಆ ಬೆರಳಗಲದೊಳಗೆ 600 ಮೀಟರ್ ಎತ್ತರ ಅಡಗಿ ಕೂತಿತ್ತು. ಲೂತ್ರೋ ಸಮುದ್ರದ ಅಂಚಿನಲ್ಲಿದೆ, ಅನೋಪೊಲಿ ಅದರ ನೆತ್ತಿಯ ಮೇಲಿದೆ. ನಡುವೆ ಬರೀ ಗೋಡೆಯಂಥ ಬೆಟ್ಟ.

ಇದು ಗ್ರೀಸಿನ ಕ್ರೀಟ್ ದ್ವೀಪದ ನೈಋತ್ಯ ಭಾಗ. ಸ್ಫಾಕಿಯಾ ಅಂತ ಹೆಸರು. ಇಲ್ಲಿನ ಬೆಟ್ಟಗಳಿಗೆ ಲೆಫ್ಕಾ ಓರಿ, ಅಂದರೆ ಬಿಳಿ ಬೆಟ್ಟಗಳು ಅನ್ನುತ್ತಾರೆ. ಅತಿ ಎತ್ತರದ ಪಾಖ್ನೆಸ್ ಶಿಖರ 2453 ಮೀಟರ್. ನಾವು ಹೋದ ಮೇ ಮೊದಲ ವಾರದಲ್ಲೂ ತುದಿಯಲ್ಲಿ ಹಿಮ ಕಾಣುತ್ತಿತ್ತು. ಅಷ್ಟು ಎತ್ತರದಿಂದ ಬೆಟ್ಟ ಸೀದಾ ಲಿಬಿಯನ್ ಸಮುದ್ರಕ್ಕೆ ಇಳಿಯುತ್ತದೆ. ಬಯಲಿಗೆ ಜಾಗವೇ ಇಲ್ಲ. ಹಾಗಾಗಿ ಲೂತ್ರೋಗೆ ಇವತ್ತಿಗೂ ಕಾರು ಹೋಗುವ ರಸ್ತೆ ಇಲ್ಲ. ದೋಣಿಯಲ್ಲಿ ಹೋಗಬೇಕು, ಇಲ್ಲ ನಡೆಯಬೇಕು.

ನನಗೆ 57 ವರ್ಷ. ಬ್ಯಾಂಕ್ ಕೆಲಸದಿಂದ ನಿವೃತ್ತಿ ತಗೊಂಡವಳು, ಊರು ಕೋಲಾರದ ಕಡೆ. ಮ್ಯೂನಿಕ್‌ನಲ್ಲಿ ಕೆಲಸ ಮಾಡುವ ಅಣ್ಣನ ಮಗಳು ಜೊತೆಗಿದ್ದಳು. ಹೊರಡುವ ಮೊದಲು ಮೂರು ತಿಂಗಳು ಭಾನುವಾರಗಳಲ್ಲಿ ನಂದಿಬೆಟ್ಟಕ್ಕೆ ಹೋದೆ. ಎಲ್ಲರೂ ಮೆಟ್ಟಿಲು ಹತ್ತಿ ಬಸ್ಸಲ್ಲಿ ಇಳಿಯುತ್ತಾರೆ. ನಾನು ಬಸ್ಸಲ್ಲಿ ಹತ್ತಿ ಮೆಟ್ಟಿಲಲ್ಲಿ ಇಳಿದೆ. ಕಂಡಕ್ಟರ್ ಕೂಡ ಒಮ್ಮೆ ನಕ್ಕ. ಆದರೆ ಹತ್ತುವಾಗ ಉಸಿರು ಮಾತ್ರ ಹೋಗುತ್ತದೆ, ಕೂತರೆ ವಾಪಸ್ ಬರುತ್ತದೆ. ಮೊಣಕಾಲು ಹೋಗೋದು ಇಳಿಯುವಾಗ. ಸ್ಫಾಕಿಯಾದಲ್ಲಿ ನನ್ನನ್ನು ಕಾಪಾಡಿದ್ದು ಈ ಅಭ್ಯಾಸ, ಮತ್ತೆ ಎರಡು ಕೋಲು.

ಅಥೆನ್ಸ್ ಪಕ್ಕದ ಪಿರಿಯಸ್ ಬಂದರಿನಿಂದ ರಾತ್ರಿ ಹಡಗು ಹತ್ತಿದರೆ ಬೆಳಿಗ್ಗೆ ಖಾನಿಯಾ ಪಕ್ಕದ ಸೂದಾ. ಖಾನಿಯಾದಿಂದ ಬಸ್ಸು ದ್ವೀಪವನ್ನು ಅಡ್ಡ ದಾಟಿ ದಕ್ಷಿಣದ ಖೋರಾ ಸ್ಫಾಕಿಯೋನ್‌ಗೆ ಬಿಡುತ್ತದೆ. ಕೊನೆಯ ಅರ್ಧ ಗಂಟೆ ಹೇರ್‌ಪಿನ್ ತಿರುವುಗಳು. ದಾರಿಬದಿಯ ಬೋರ್ಡುಗಳಲ್ಲಿ ತೂತುಗಳಿದ್ದವು, ತುಕ್ಕು ಅಂದುಕೊಂಡೆ. ಗುಂಡಿನ ತೂತು! ಸ್ಫಾಕಿಯಾದವರಿಗೆ ಬಂದೂಕು ಹಬ್ಬಕ್ಕೂ ಬೇಕು, ಬೇಜಾರಿಗೂ ಬೇಕು. ಬಂದರಿನಲ್ಲಿ 1941ರ ನೆನಪಿನ ಸ್ಮಾರಕ ಇದೆ. ಆ ವರ್ಷ ಮೇ ಕೊನೆಯಲ್ಲಿ ಜರ್ಮನ್ ಸೇನೆಗೆ ಸೋತ ಬ್ರಿಟಿಷ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಸೈನಿಕರು ಇದೇ ಬೆಟ್ಟ ದಾಟಿ ಬಂದು, ರಾತ್ರಿ ಹೊತ್ತು ಇಲ್ಲಿಂದ ಹಡಗು ಹತ್ತಿದರು. ಸಾವಿರಾರು ಜನ ಹಡಗು ಸಿಗದೆ ಸೆರೆಯಾದರು.

ಅಲ್ಲಿಂದ ಲೂತ್ರೋಗೆ ದೋಣಿ ಇತ್ತು. ನಾವು ಚೀಲ ಹೊತ್ತು ನಡೆದೆವು. ಯುರೋಪಿನ ಉದ್ದನೆಯ ಇ4 ಕಾಲುದಾರಿಯ ಒಂದು ತುಂಡು ಇದು. ಹಳದಿ-ಕಪ್ಪು ಗುರುತು ನೋಡಿಕೊಂಡು ಹೋಗಬೇಕು. ಅರ್ಧ ದಾರಿಯಲ್ಲಿ ಗ್ಲಿಕಾ ನೆರಾ, ಅಂದರೆ ಸಿಹಿನೀರು, ಎಂಬ ಕಡಲತೀರ ಸಿಗುತ್ತದೆ. ಸಮುದ್ರದಿಂದ ಎರಡು ಮಾರು ದೂರದಲ್ಲಿ ನುಣುಪು ಕಲ್ಲುಗಳನ್ನು ಕೈಯಿಂದ ಕೆದಕಿದೆ. ಗುಂಡಿಯಲ್ಲಿ ತಣ್ಣನೆಯ ನೀರು ತುಂಬಿಕೊಂಡಿತು. ಉಪ್ಪಿಲ್ಲ! ಬೆಟ್ಟದ ಮೇಲೆ ಕರಗಿದ ಹಿಮ ಸುಣ್ಣದ ಕಲ್ಲಿನೊಳಗೆ ಇಳಿದು ಇಲ್ಲಿ ಹೊರಗೆ ಬರುತ್ತದೆ. ಅದಕ್ಕೇ ಮೇಲಿನ ಇಳಿಜಾರು ಅಷ್ಟು ಒಣ. ಇದನ್ನು ನಾನು ಮರುದಿನ ಬೆಳಿಗ್ಗೆಗೂ ನೆನಪಿಟ್ಟುಕೊಳ್ಳಬೇಕಿತ್ತು.

ದಿನಕ್ಕೊಂದು ಊರು ಬದಲಿಸಬಾರದು ಅಂತ ಮೊದಲೇ ತೀರ್ಮಾನ ಮಾಡಿದ್ದೆವು. ಆರು ದಿನಕ್ಕೂ ಲೂತ್ರೋದಲ್ಲೇ ಒಂದು ರೂಮು. ಒಂದು ರಾತ್ರಿ ಮಾತ್ರ ಮೇಲೆ ಅನೋಪೊಲಿಯಲ್ಲಿ. ಚೀಲ ರೂಮಿನಲ್ಲಿಟ್ಟು ಹಗುರಾಗಿ ಹತ್ತಿ ಇಳಿಯೋದು. ಈ ಎರಡು ಊರು ಬೇರೆ ಬೇರೆ ಅಲ್ಲವೇ ಅಲ್ಲ ಅಂತ ಆಮೇಲೆ ಗೊತ್ತಾಯಿತು. ಅನೋಪೊಲಿ ಅಂದರೆ ಮೇಲೂರು. ಲೂತ್ರೋ ಹಿಂದೆ ಅದರ ಬಂದರು, ಚಳಿಗಾಲದಲ್ಲಿ ಇಳಿದು ಬರುತ್ತಿದ್ದ ಜಾಗ. ಒಂದನ್ನು ನೋಡಿ ಇನ್ನೊಂದನ್ನು ಬಿಟ್ಟರೆ ಅರ್ಧ ಊರು ನೋಡಿದ ಹಾಗೆ.

ಮರುದಿನ ಬೆಳಿಗ್ಗೆ ಆರೂವರೆಗೆ ಹತ್ತಲು ಶುರುಮಾಡಿದೆವು. ತಲಾ ಒಂದೂವರೆ ಲೀಟರ್ ನೀರು. ಸಾಕು ಅಂದುಕೊಂಡಿದ್ದು ಮೊದಲ ತಪ್ಪು. ಎರಡನೆಯ ತಪ್ಪು ಅರ್ಧ ಗಂಟೆ ನಂತರ. ದಾರಿ ಎಡಕ್ಕೆ ತಿರುಗುವಲ್ಲಿ ನೇರಕ್ಕೆ ಒಂದು ಚೆನ್ನಾಗಿ ಸವೆದ ಜಾಡು ಕಂಡಿತು. ಎಡಕ್ಕೆ ಯಾಕೆ ಸುತ್ತಬೇಕು ಅಂತ ನೇರ ಹೋದೆವು. ಹತ್ತು ನಿಮಿಷ ಚೆನ್ನಾಗಿತ್ತು. ಆಮೇಲೆ ಮೊಣಕಾಲೆತ್ತರದ ಮುಳ್ಳುಪೊದೆ. ಆಮೇಲೆ ಬಂಡೆ. ಬಂಡೆಯ ಮೇಲೆ ಮೂರು ಆಡು ನಿಂತು ನಮ್ಮನ್ನು ನೋಡುತ್ತಿದ್ದವು. ಅದು ಅವುಗಳ ದಾರಿ. ಇಳಿದು ಮತ್ತೆ ಸರಿ ದಾರಿ ಹಿಡಿಯುವ ಹೊತ್ತಿಗೆ ಮುಕ್ಕಾಲು ಗಂಟೆ ಹೋಗಿತ್ತು, ಬಿಸಿಲು ಬೆನ್ನಿಗೆ ಬಂದಿತ್ತು.

ಗುರುತು ಮಾಸಿದ ಕಡೆ ಏನು ನೋಡಬೇಕು ಅಂತ ಆಮೇಲೆ ಕಣ್ಣಿಗೆ ಹತ್ತಿತು. ಇಲ್ಲಿನ ಹಳೆಯ ದಾರಿಗಳಿಗೆ ಕಲ್ದೆರಿಮಿ ಅನ್ನುತ್ತಾರೆ. ಹೇಸರಗತ್ತೆಯ ಮೇಲೆ ಹೊರೆ ಹೇರಿ ಹತ್ತಲು ಕಲ್ಲು ಹಾಸಿ ಮಾಡಿದ್ದು. ಹೊರೆ ಹೊತ್ತ ಪ್ರಾಣಿ ಕಡಿದಾಗಿ ಹತ್ತುವುದಿಲ್ಲ, ಹಾಗಾಗಿ ಈ ದಾರಿ ಹಾವಿನ ಹಾಗೆ ತಿರುಗುತ್ತಲೇ ಇರುತ್ತದೆ. ತಿರುವಿನಲ್ಲಿ ಕಲ್ಲು ಜೋಡಿಸಿ ಅಂಚು ಕಟ್ಟಿರುತ್ತಾರೆ. ಆಡಿಗೆ ಇದೆಲ್ಲ ಬೇಕಿಲ್ಲ, ನೇರ ಹೋಗುತ್ತದೆ. ಕಾಲಡಿ ಜೋಡಿಸಿದ ಕಲ್ಲು ಕಾಣದೆ ನೂರು ಹೆಜ್ಜೆ ಆಯಿತು ಅಂದರೆ ನಿಲ್ಲಿ.

ಬೆಟ್ಟದ ಅಂಚಿನಲ್ಲಿ ಬಿಳಿ ಬಣ್ಣದ ಪುಟ್ಟ ಚರ್ಚು, ಸಂತ ಕ್ಯಾಥರೀನಳದು. ಅಲ್ಲಿ ಕೂತಾಗ ನನ್ನ ಬಾಟಲಿಯಲ್ಲಿ ಎರಡು ಗುಟುಕು ಉಳಿದಿತ್ತು. ಕೆಳಗೆ ಲೂತ್ರೋದ ಮನೆಗಳು ಸಕ್ಕರೆ ಅಚ್ಚು ಜೋಡಿಸಿದ ಹಾಗೆ. ಮುಖ ಆ ಕಡೆ ತಿರುಗಿಸಿದರೆ ಬೇರೆಯೇ ಲೋಕ. ಹಸಿರು ಬಯಲು, ಆಲಿವ್ ಮರ, ಕುರಿ, ಕಲ್ಲಿನ ಪೌಳಿ, ಹಿಂದೆ ಹಿಮದ ಬೆಟ್ಟ. ಸಮುದ್ರ ಅನ್ನೋದು ಇದೆ ಅಂತ ಈ ಬಯಲಿಗೆ ಗೊತ್ತೇ ಇಲ್ಲವೇನೋ ಅನ್ನಿಸಿತು.

ಅನೋಪೊಲಿಯ ಚೌಕದಲ್ಲಿ ದಾಸ್ಕಾಲೋಯಾನಿಸ್ ಎಂಬವನ ಪ್ರತಿಮೆ ಇದೆ. ಇದೇ ಊರಿನ ಹಡಗುಗಳ ಯಜಮಾನ. ರಷ್ಯಾದ ಸಹಾಯ ಬರುತ್ತದೆಂದು ನಂಬಿ 1770ರಲ್ಲಿ ಆಟೊಮನ್ ತುರ್ಕರ ಮೇಲೆ ದಂಗೆ ಎದ್ದ. ಸಹಾಯ ಬರಲಿಲ್ಲ. ಮರುವರ್ಷ ಇರಾಕ್ಲಿಯೋದಲ್ಲಿ ಅವನ ಚರ್ಮ ಸುಲಿದು ಕೊಂದರು. ಖಾನಿಯಾದ ವಿಮಾನ ನಿಲ್ದಾಣಕ್ಕೆ ಅವನದೇ ಹೆಸರು.

ಊರು ನೋಡೋದು ಅಂದರೆ ಪ್ರತಿಮೆ ನೋಡೋದಲ್ಲ, ಕೂರೋದು. ಇಲ್ಲಿ ಪ್ರತಿ ಊರಿಗೂ ಒಂದು ಕಫೆನಿಯೋ ಇರುತ್ತದೆ. ಕಾಫಿ ಅಂಗಡಿ, ಅರಳಿಕಟ್ಟೆ ಎರಡೂ ಅದೇ. ಬೂಟು ಹಾಕಿದ, ತಲೆಗೆ ಕುಚ್ಚಿನ ಕಪ್ಪು ವಸ್ತ್ರ ಸುತ್ತಿದ ಮುದುಕರು ಕೂತಿದ್ದರು. ಒಳಗೆ ಹೋಗುವಾಗ ಎಲ್ಲರಿಗೂ ಸೇರಿ ಒಂದು "ಯಾ ಸಾಸ್", ಅಂದರೆ ನಮಸ್ಕಾರ, ಹೇಳಬೇಕು. ಹೇಳದೆ ಮೊಬೈಲ್ ಎತ್ತಿ ಫೋಟೋ ತೆಗೆದ ಇಬ್ಬರನ್ನು ನಾವೇ ನೋಡಿದೆವು. ಯಾರೂ ಬೈಯಲಿಲ್ಲ, ಆದರೆ ಯಾರೂ ಮಾತೂ ಆಡಿಸಲಿಲ್ಲ. ನಮ್ಮ ಕೆಂಪು ಮುಖ, ಖಾಲಿ ಬಾಟಲಿ ನೋಡಿಯೇ ಒಬ್ಬರು ಕುರ್ಚಿ ಎಳೆದರು. ನೀರು ಬಂತು. ಹಿಂದೆಯೇ ರಾಕಿ ಬಂತು, ದ್ರಾಕ್ಷಿಯ ಹಿಪ್ಪೆಯಿಂದ ಇಳಿಸಿದ ಸಾರಾಯಿ. ನಾನು ಕುಡಿಯೋಲ್ಲ. ಎದೆ ಮೇಲೆ ಕೈ ಇಟ್ಟು ತಲೆಯಾಡಿಸಿದೆ. ಮಲೊತಿರಾ ತಂದುಕೊಟ್ಟರು. ಇದೇ ಬೆಟ್ಟದಲ್ಲಿ ಬೆಳೆಯುವ ಒಂದು ಗಿಡದ ಕಷಾಯ, ಜೇನು ಹಾಕಿ ಕುಡಿಯೋದು. ಅಣ್ಣನ ಮಗಳು ನನ್ನ ಪಾಲಿನ ರಾಕಿಯನ್ನೂ ಮುಗಿಸಿದಳು. ಅಣ್ಣನಿಗೆ ಹೇಳಿಲ್ಲ.

ಊಟದ್ದೇ ದೊಡ್ಡ ಯೋಚನೆ ಆಗಿತ್ತು, ನಾನು ಸಸ್ಯಾಹಾರಿ. ಗ್ರೀಸಿನಲ್ಲಿ ಇದಕ್ಕೊಂದು ಒಳದಾರಿ ಇದೆ. ಅಲ್ಲಿನ ಕ್ರೈಸ್ತರು ವರ್ಷದಲ್ಲಿ ಬಹಳ ದಿನ ಉಪವಾಸ ಮಾಡುತ್ತಾರೆ. ಆಗ ತಿನ್ನುವ ಅಡುಗೆಗೆ ನಿಸ್ತೀಸಿಮೋ ಅಂತ ಹೆಸರು. ಮಾಂಸ, ಮೊಟ್ಟೆ, ಹಾಲು ಏನೂ ಇರೋಲ್ಲ. ಈ ಪದ ಹೇಳಿದರೆ ಅಜ್ಜಿಯಂದಿರಿಗೂ ತಕ್ಷಣ ಅರ್ಥ ಆಗುತ್ತದೆ. ಆದರೆ ಹುಷಾರು. ಅವರ ಲೆಕ್ಕದಲ್ಲಿ ಆಕ್ಟೋಪಸ್, ಸಿಗಡಿ, ಬಸವನಹುಳು ಕೂಡ ಉಪವಾಸದ ಊಟವೇ! ಎರಡನೇ ರಾತ್ರಿ ನನ್ನ ಮುಂದೆ ಬಸವನಹುಳುವಿನ ತಟ್ಟೆ ಬಂದು ಕೂತಿತು. ನಿಸ್ತೀಸಿಮೋ ಅಂದಮೇಲೆ ಇವು ಬೇಡ ಅಂತ ಕೈಸನ್ನೆ ಮಾಡೋದು ಆಮೇಲಿನ ಅಭ್ಯಾಸ ಆಯಿತು. ಫಾವಾ ನನ್ನ ದಿನನಿತ್ಯದ ಊಟ. ಹಳದಿ ಬೇಳೆ ಬೇಯಿಸಿ ಅರೆದು, ಮೇಲೆ ಈರುಳ್ಳಿ, ಆಲಿವ್ ಎಣ್ಣೆ. ಒಗ್ಗರಣೆ ಮರೆತ ತೊವ್ವೆ ಅಂದುಕೊಳ್ಳಿ. ಚಟ್ನಿಪುಡಿ ಕೈಯಲ್ಲಿತ್ತು, ಬಚಾವಾದೆ.

ಮೇಲೆ ಉಳಿದ ಸಂಜೆ ಮನೆಯಾಕೆ ಚಾಕು, ಚೀಲ ಹಿಡಿದು ರಸ್ತೆಬದಿಗೆ ಹೊರಟರು. ನಾನೂ ಹಿಂದೆ ಹೋದೆ. ಹೊಲದ ಅಂಚಿನಿಂದ ಐದಾರು ಬಗೆಯ ಕಾಡುಸೊಪ್ಪು ಕಿತ್ತರು. ಹೋರ್ತಾ ಅಂದರು. ಕೋಲಾರದವಳಿಗೆ ಇದನ್ನು ಹೇಳಿಕೊಡಬೇಕಾ? ಮಳೆ ಬಿದ್ದಮೇಲೆ ನಮ್ಮಮ್ಮ ಮಡಿಲಿಗೆ ತುಂಬಿಕೊಂಡು ಬರುತ್ತಿದ್ದ ಬೆರಕೆ ಸೊಪ್ಪು ಇದೇ ಅಲ್ವಾ. ಅವರು ಮಸೆಯೋಲ್ಲ, ಬೇಯಿಸಿ ಎಣ್ಣೆ, ನಿಂಬೆರಸ ಹಾಕುತ್ತಾರೆ ಅಷ್ಟೇ. ಆಮೇಲೆ ಸ್ಫಾಕಿಯಾದ ಪೀಟಾ ಮಾಡಲು ಕೂತರು. ಹಿಟ್ಟಿಗೆ ಆಲಿವ್ ಎಣ್ಣೆ, ಒಂದು ಚೂರು ರಾಕಿ ಹಾಕಿ ನಾದಿದ್ದರು. ಕಣಕದ ಉಂಡೆಯೊಳಗೆ ಮಿಜಿಥ್ರಾ ಎಂಬ ಮೆತ್ತನೆ ಚೀಸಿನ ಉಂಡೆ ಇಟ್ಟು, ಬಾಯಿ ಮುಚ್ಚಿ, ತೆಳ್ಳಗೆ ಲಟ್ಟಿಸಿ ಕಾವಲಿಗೆ ಹಾಕಿದರು. ಒಬ್ಬಟ್ಟು! ಕೈಚಾಚಿದೆ, ಲಟ್ಟಣಿಗೆ ಕೊಟ್ಟರು. ಹೂರಣ ಹೊರಗೆ ಬರದ ಹಾಗೆ ಲಟ್ಟಿಸಿದೆ. ಅವರು ಅದನ್ನು ಬೆಳಕಿಗೆ ಎತ್ತಿ ನೋಡಿ ಏನೋ ಹೇಳಿದರು. ಭಾಷೆ ಬಾರದಿದ್ದರೂ ಅದು ಅತ್ತೆಯೊಬ್ಬಳು ಸೊಸೆಯನ್ನು ಒಪ್ಪಿಕೊಂಡ ದನಿ ಅಂತ ಗೊತ್ತಾಯಿತು. ಮೇಲೆ ಥೈಮ್ ಹೂವಿನ ಜೇನು ಸುರಿದು ತಿಂದೆವು.

ಮರುದಿನ ಪಶ್ಚಿಮಕ್ಕೆ ಅರಾದೇನಾ. ನಡುವೆ ಭೂಮಿ ಸೀಳಿದ ಹಾಗೆ ಕಮರಿ. ಅದರ ಮೇಲೆ 138 ಮೀಟರ್ ಎತ್ತರದಲ್ಲಿ ಕಬ್ಬಿಣದ ಸೇತುವೆ, ಹಲಗೆ ಹಾಸಿದ್ದು. ಆಚೆಯ ಊರಿನ ಮೂಲದ ಶ್ರೀಮಂತ ಮನೆತನವೊಂದು 1986ರಲ್ಲಿ ಕಟ್ಟಿಸಿಕೊಟ್ಟಿದ್ದು. ಕಾರು ದಾಟಿದರೆ ಹಲಗೆಗಳು ಕಡಕಡ ಅನ್ನುತ್ತವೆ. ನಾವು ಸೇತುವೆ ಬಿಟ್ಟು ಹಳೆಯ ಕಲ್ದೆರಿಮಿಯಲ್ಲಿ ಕಮರಿಗೆ ಇಳಿದು ಆಚೆ ಹತ್ತಿದೆವು. 1986ರವರೆಗೆ ಮದುವೆ ದಿಬ್ಬಣ, ಹೆಣ, ಹಿಟ್ಟಿನ ಮೂಟೆ ಎಲ್ಲಾ ಹೀಗೇ ದಾಟಬೇಕಿತ್ತು. ಆಚೆ ಇರುವುದು ಬಿಟ್ಟುಹೋದ ಊರು. ಸೂರಿಲ್ಲದ ಮನೆಗಳು, ಒಳಗೆ ಅಂಜೂರದ ಮರ. ಎರಡು ಮನೆತನಗಳ ಸೇಡಿನಿಂದ ಊರು ಖಾಲಿಯಾಯಿತು, ಜಗಳ ಹತ್ತಿಕೊಂಡಿದ್ದು ಒಂದು ಆಡಿನ ಕೊರಳ ಗಂಟೆಯಿಂದ ಅಂತ ಅಲ್ಲಿ ಕಥೆ ಹೇಳುತ್ತಾರೆ. ಆ ಓಣಿಯಲ್ಲಿ ನಿಂತಾಗ ಎಲ್ಲಿಂದಲೋ ಆಡಿನ ಗಂಟೆ ಕೇಳುತ್ತಲೇ ಇತ್ತು.

ಕಮರಿಯೊಳಗೇ ಸಮುದ್ರದವರೆಗೆ ಇಳಿದೆವು. ಈ ಆರು ದಿನದಲ್ಲಿ ಅತಿ ಕಷ್ಟದ ಮೂರು ಗಂಟೆ ಅದು. ಮನೆಯಷ್ಟು ದೊಡ್ಡ ಬಂಡೆಗಳು. ಮೊದಲೆಲ್ಲ ಒಂದು ಕಡೆ ಕಬ್ಬಿಣದ ಏಣಿ ಮಾತ್ರ ಇತ್ತಂತೆ, ಈಗ ಪಕ್ಕದಲ್ಲಿ ಸುತ್ತುದಾರಿ ಇದೆ. ನಾನು ನಾಚಿಕೆ ಬಿಟ್ಟು ಕುಂಡೆ ಊರಿಕೊಂಡು ಇಳಿದೆ. ಕೊನೆಗೆ ಮಾರ್ಮಾರಾ ಕಡಲತೀರ. ನೀರು ಕೊರೆಯುವಷ್ಟು ತಣ್ಣಗೆ, ಮೊಣಕಾಲಿಗೆ ಅದೇ ಔಷಧ. ಕಮರಿಗೆ ಮೂರು ಲೀಟರ್ ನೀರು ಹೊತ್ತಿದ್ದೆ, ಅರ್ಧ ಲೀಟರ್ ಉಳಿಯಿತು.

ಐದನೇ ದಿನ ದಕ್ಷಿಣದ ಗಾಳಿ ಎದ್ದು ದೋಣಿ ಬರಲೇ ಇಲ್ಲ. ಸಾಮಾರಿಯಾ ಕಮರಿಗೆ ಹೋಗುವ ಯೋಜನೆ ಹಾಳಾಯಿತು. 16 ಕಿಲೋಮೀಟರಿನ ಆ ಕಮರಿ ಹೆಸರಾಂತದ್ದು, ಎಲ್ಲರೂ ಅದಕ್ಕೇ ಬರುತ್ತಾರೆ. ನನಗೆ ಅಷ್ಟೇನೂ ಬೇಜಾರಾಗಲಿಲ್ಲ. ಸಾಲಿನಲ್ಲಿ ನಡೆಯೋದಾದರೆ ತಿರುಪತಿಗೇ ಹೋಗಬಹುದು. ಆರನೇ ದಿನ ಗಾಳಿ ತಗ್ಗಿತು. ಅದರ ಬಾಯಲ್ಲಿರುವ ಆಯಿಯಾ ರುಮೇಲಿಗೆ ದೋಣಿಯಲ್ಲಿ ಹೋಗಿ, ತೀರದ ಗುಂಟ ಲೂತ್ರೋಗೆ ನಡೆದು ಬಂದೆವು. ಪೈನ್ ಮರದ ನೆರಳು, ಕಾಲು ಹೂತುಹೋಗುವ ಮರಳು, ಅಲೆಯ ಪಕ್ಕದಲ್ಲೇ ಸಂತ ಪಾಲನ ಪುಟ್ಟ ಕಲ್ಲಿನ ಬೈಜಾಂಟಿಯನ್ ಚರ್ಚು. ಇಡೀ ದಿನ ಬೇಕಾಯಿತು. ಗಾಳಿಗೆ ಒಂದು ದಿನ ಬಿಡುವು ಇಟ್ಟುಕೊಂಡೇ ವಾಪಸ್ ಟಿಕೆಟ್ ಮಾಡಿಸಿ. ಕೈಯಲ್ಲಿ ನಗದೂ ಇರಲಿ.

ಹೊರಟ ಬೆಳಿಗ್ಗೆ ದೋಣಿ ಲೂತ್ರೋ ಬಿಟ್ಟು ಸ್ವಲ್ಪ ದೂರ ಹೋದಮೇಲೆ ಬೆಟ್ಟ ಪೂರ್ತಿ ಕಂಡಿತು. ಕಲ್ದೆರಿಮಿಯ ತಿರುವುಗಳು ಬಳಪದಲ್ಲಿ ಗೀಚಿದ ಹಾಗೆ. ನಾವು ತಪ್ಪಿದ ಜಾಗ ಹುಡುಕಿದೆ. ಎಡಕ್ಕೆ ತಿರುಗುವ ಬಿಳಿ ಗೆರೆ, ಅದರಿಂದ ನೇರಕ್ಕೆ ಒಂದು ಸಣ್ಣ ಗೆರೆ, ಗೆರೆಯ ತುದಿಯಲ್ಲಿ ಅದೇ ಬಂಡೆ. "ಅತ್ತೆ, ಆಡು ಇನ್ನೂ ಅಲ್ಲೇ ಇದೆ ನೋಡಿ" ಅಂದಳು. ಕನ್ನಡಕ ಚೀಲದಲ್ಲಿತ್ತು. ಇದೆ ಇದೆ ಅಂದೆ.