ಸಮತಾಪೀಯ ವ್ಯಾಕೋಚನ: ಉಷ್ಣ ಮತ್ತು ಕೆಲಸದ ಲೆಕ್ಕ ಹಾಕುವುದು ಹೇಗೆ

ತಾಪಮಾನ ಬದಲಾಗದಂತೆ ಅನಿಲ ಹಿಗ್ಗುವುದೇ ಸಮತಾಪೀಯ ವ್ಯಾಕೋಚನ. ತಾಪಮಾನ ಬದಲಾಗಿಲ್ಲ, ಹಾಗಾದರೆ ಉಷ್ಣವೂ ಸೊನ್ನೆ ಎಂದು ಬರೆದುಬಿಡುವವರೇ ಹೆಚ್ಚು. ಆಗುವುದು ಇದಕ್ಕೆ ತದ್ವಿರುದ್ಧ. ಹಿಗ್ಗುವ ಅನಿಲ ಪಿಸ್ಟನ್ ತಳ್ಳುತ್ತಾ ಶಕ್ತಿ ಕಳೆದುಕೊಳ್ಳುತ್ತದೆ. ಅಷ್ಟೇ ಶಕ್ತಿ ಹೊರಗಿನಿಂದ ಉಷ್ಣವಾಗಿ ಬಂದು ಸೇರುವುದರಿಂದ ತಾಪಮಾನ ಇಳಿಯುವುದಿಲ್ಲ. ಆದರ್ಶ ಅನಿಲದ (ಕಣಗಳ ನಡುವೆ ಸೆಳೆತವಿಲ್ಲವೆಂದು ಎಣಿಸುವ ಅನಿಲ) ಆಂತರಿಕ ಶಕ್ತಿ ತಾಪಮಾನವೊಂದನ್ನೇ ಅವಲಂಬಿಸಿರುವುದರಿಂದ ಅದರ ಬದಲಾವಣೆ ಸೊನ್ನೆ. ಒಳಬಂದ ಉಷ್ಣ, ಅನಿಲ ಮಾಡಿದ ಕೆಲಸ ಎರಡೂ ಸಮ.

300 ಕೆಲ್ವಿನ್‌ನಲ್ಲಿರುವ 1 ಮೋಲ್ ಅನಿಲ 10 ಲೀಟರಿನಿಂದ 20 ಲೀಟರಿಗೆ ಹಿಗ್ಗಿತು ಎನ್ನಿ. ಸೂತ್ರಕ್ಕೆ ಕೈಹಾಕುವ ಮುನ್ನ ಪಿಸ್ಟನ್ ಹೇಗೆ ಸರಿಯಿತೆಂದು ನೋಡಿ.

ಹೊರಗಿನ ಒತ್ತಡವನ್ನು ಕೂದಲೆಳೆಯಷ್ಟೇ ಕಡಿಮೆ ಮಾಡುತ್ತಾ ನಿಧಾನವಾಗಿ ಬಿಟ್ಟರೆ ಕೆಲಸ = ಎನ್ × ಆರ್ × ಟಿ × ಎಲ್ಎನ್(ವಿ2/ವಿ1). ಇಲ್ಲಿ ಎನ್ ಮೋಲ್‌ಗಳ ಸಂಖ್ಯೆ, ಆರ್ ಅನಿಲ ಸ್ಥಿರಾಂಕ (8.314), ಟಿ ಕೆಲ್ವಿನ್‌ನಲ್ಲಿ ತಾಪಮಾನ, ವಿ1 ಮತ್ತು ವಿ2 ಆರಂಭದ ಮತ್ತು ಕೊನೆಯ ಗಾತ್ರ, ಎಲ್ಎನ್ ಎಂದರೆ ಸ್ವಾಭಾವಿಕ ಲಾಗರಿದಮ್. 8.314 × 300 = 2494; ಅದನ್ನು ಎಲ್ಎನ್ 2, ಅಂದರೆ 0.693ರಿಂದ ಗುಣಿಸಿದರೆ 1729 ಜೂಲ್. ಉಷ್ಣವೂ 1729.

ಹೊರಗಿನ ಒತ್ತಡವನ್ನು ಒಮ್ಮೆಲೇ ಕೊನೆಯ ಮಟ್ಟಕ್ಕೆ, ಅಂದರೆ 124.7 ಕಿಲೋಪ್ಯಾಸ್ಕಲ್‌ಗೆ ಇಳಿಸಿದರೆ ಈ ಎಲ್ಎನ್ ಸೂತ್ರ ನಡೆಯದು. ಒತ್ತಡವನ್ನು ಗಾತ್ರದ ಹೆಚ್ಚಳದಿಂದ ಗುಣಿಸಿ: 1247 ಜೂಲ್. ನಿರ್ವಾತಕ್ಕೆ ಬಿಟ್ಟರೆ ಕೆಲಸ ಸೊನ್ನೆ, ಉಷ್ಣವೂ ಸೊನ್ನೆ. ಆರಂಭ, ಅಂತ್ಯ ಮೂರರಲ್ಲೂ ಒಂದೇ, ಉತ್ತರ ಮಾತ್ರ ಬೇರೆ ಬೇರೆ.

ಉತ್ತರ 751 ಬಂದರೆ ಕ್ಯಾಲ್ಕುಲೇಟರ್‌ನಲ್ಲಿ ಎಲ್ಎನ್ ಬದಲು ಲಾಗ್ (ಹತ್ತರ ಆಧಾರದ್ದು) ಒತ್ತಿದ್ದೀರಿ, 2.303ರಿಂದ ಗುಣಿಸಿ. 300 ಕೆಲ್ವಿನ್ ಜಾಗದಲ್ಲಿ 27 ಡಿಗ್ರಿ ಸೆಲ್ಸಿಯಸ್ ಹಾಕುವುದು ಇನ್ನೊಂದು ಹಳೆಯ ರೋಗ. ಲೀಟರ್-ಅಟ್ಮಾಸ್ಫಿಯರ್‌ನಲ್ಲಿ ಉತ್ತರ ಬಂದಿದ್ದರೆ 101.3ರಿಂದ ಗುಣಿಸಿದಾಗ ಜೂಲ್ ಸಿಗುತ್ತದೆ. ರಸಾಯನಶಾಸ್ತ್ರದವರು ಈ ಕೆಲಸಕ್ಕೆ ಋಣ ಚಿಹ್ನೆ ಹಾಕುತ್ತಾರೆ, ಭೌತಶಾಸ್ತ್ರದವರು ಸಾಮಾನ್ಯವಾಗಿ ಧನ. ಯಾವುದಾದರೂ ಸರಿ, ಒಂದೇ ಲೆಕ್ಕದಲ್ಲಿ ಎರಡನ್ನೂ ಬೆರೆಸಬೇಡಿ.

ಕೈಯಲ್ಲೇ ನೋಡಬೇಕೆಂದರೆ 60 ಮಿ.ಲೀ.ನ ಸೂಜಿಯಿಲ್ಲದ ಸಿರಿಂಜ್ ಸಾಕು. 30 ಮಿ.ಲೀ. ಗಾಳಿ ಎಳೆದು, ತುದಿಯನ್ನು ಗಟ್ಟಿಯಾಗಿ ಮುಚ್ಚಿ, ಕೊಳವೆಯನ್ನು ಕೋಣೆಯ ತಾಪಮಾನದ ನೀರಿನಲ್ಲಿ ಮುಳುಗಿಸಿ, ಹಿಡಿಕೆಯನ್ನು ನಿಧಾನವಾಗಿ 60ರ ಗೆರೆಗೆ ಎಳೆಯಿರಿ. ಮೋಲ್ ಎಣಿಸಬೇಕಾಗಿಲ್ಲ: ಎನ್-ಆರ್-ಟಿ ಜಾಗದಲ್ಲಿ ಆರಂಭದ ಒತ್ತಡ × ಗಾತ್ರ ಹಾಕಿದರಾಯಿತು. 101 ಕಿಲೋಪ್ಯಾಸ್ಕಲ್ × 30 ಮಿ.ಲೀ. ಎಂದರೆ ಸುಮಾರು 3 ಜೂಲ್, 0.693ರಿಂದ ಗುಣಿಸಿದರೆ 2.1. ವಾತಾವರಣವನ್ನು ಹಿಂದಕ್ಕೆ ತಳ್ಳಲು 3 ಜೂಲ್ ಬೇಕು. ಒಳಗಿನ ಗಾಳಿ 2.1 ಕೊಟ್ಟಿತು, ಉಳಿದ 0.9 ನಿಮ್ಮ ತೋಳಿನದು (ಘರ್ಷಣೆಯ ಪಾಲು ಬೇರೆ). ತುದಿ ಸೋರಿದರೆ ಈ ಲೆಕ್ಕವೆಲ್ಲ ಕೆಡುತ್ತದೆ: ಕೈಬಿಟ್ಟಾಗ ಹಿಡಿಕೆ ಹತ್ತಿರಹತ್ತಿರ 30ಕ್ಕೆ ಮರಳಬೇಕು.

ರಪ್ಪನೆ ಎಳೆದರೆ ಉಷ್ಣ ಒಳಬರಲು ಸಮಯವೇ ಸಿಗದೆ ಗಾಳಿ ತಣ್ಣಗಾಗುತ್ತದೆ, ಒತ್ತಡ ಅರ್ಧಕ್ಕಿಂತ ಕೆಳಗಿಳಿಯುತ್ತದೆ. 60ರಲ್ಲೇ ಹಿಡಿದು ನಿಂತರೆ ಮತ್ತೆ ಅರ್ಧಕ್ಕೆ ಏರುತ್ತದೆ. ಇದನ್ನು ಒತ್ತಡಮಾಪಕದಲ್ಲೇ ನೋಡಬೇಕು. ನೀರಿನಲ್ಲಿಟ್ಟ ಥರ್ಮಾಮೀಟರ್ ಅಲುಗಾಡುವುದಿಲ್ಲ: 2.1 ಜೂಲ್ ಹೋದರೆ 200 ಗ್ರಾಂ ನೀರು ತಣ್ಣಗಾಗುವುದು 0.003 ಡಿಗ್ರಿಗಿಂತಲೂ ಕಡಿಮೆ.