ಮೂರು ಬೆಳಗು, ಒಂದು ಸಂಜೆ: ಹೊಸಬರಿಗೆ ಮ್ಯಾನ್ಯುಯಲ್ ಮೋಡ್ ಕಲಿಸಿದ ನನ್ನ ಅನುಭವ

ಕ್ಯಾಮೆರಾ ಮುಟ್ಟದವರಿಗೂ ಎರಡು ವಾರಾಂತ್ಯದಲ್ಲಿ ಮ್ಯಾನ್ಯುಯಲ್ (ಡಯಲ್ಲಿನ ಎಂ, ಬೆಳಕಿನ ಅಂಕಿಗಳನ್ನೆಲ್ಲ ನಾವೇ ಇಡುವುದು) ಕೈಗೆ ಹತ್ತಿಸಬಹುದು ಅಂದಾಗ ಮೈಸೂರಿನ ನಮ್ಮ ಸ್ಟುಡಿಯೊ ಗೆಳೆಯರಲ್ಲಿ ಒಬ್ಬರೂ ಒಪ್ಪಲಿಲ್ಲ. "ಮೊದಲು ಆಟೊದಲ್ಲಿ ಆಡ್ಲಿ ಬಿಡಿ ಸಾರ್, ಮೊದಲ ದಿನವೇ ಎಂ ಅಂದ್ರೆ ಎರಡನೇ ದಿನ ಖಾಲಿ ಕುರ್ಚಿಗೆ ಪಾಠ ಮಾಡ್ಬೇಕಾಗುತ್ತೆ" ಅಂದರು. ಕುರ್ಚಿಯನ್ನೇ ತೆಗೆದುಹಾಕಿದೆ. ಈಗ ಮೂರ್ನಾಲ್ಕು ವರ್ಷದಿಂದ ಬ್ಯಾಚುಗಳು ನಡೆಯುತ್ತಿವೆ, ಅರ್ಧಕ್ಕೆ ಬಿಟ್ಟವರು ತೀರಾ ಕಡಿಮೆ. ಹಿಂದೆ ಬೇಡ ಅಂದವರೇ ಈಗ ಫೋನ್ ಮಾಡಿ ಹೇಗೆ ಮಾಡ್ತೀರಿ ಅಂತ ಕೇಳುತ್ತಿದ್ದಾರೆ, ಅದಕ್ಕೆ ಈ ಬರಹ.

ಶುರುವಿನ ಬ್ಯಾಚುಗಳು ಎಲ್ಲ ಕಡೆ ನಡೆಯುವಂಥವೇ. ಹಾಲ್, ಪ್ರೊಜೆಕ್ಟರ್, ಶಟರ್ (ಬೆಳಕು ಬೀಳುವ ಹೊತ್ತು), ಅಪರ್ಚರ್ (ಲೆನ್ಸಿನ ಕಿಂಡಿಯ ಅಳತೆ), ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) ಮೂರೂ ಸೇರಿದ ಎಕ್ಸ್‌ಪೋಷರ್ ತ್ರಿಕೋನ. ಹಾಲಿಗೆ ದಿನಕ್ಕೆ ಮೂರು ಸಾವಿರದ ಹತ್ತಿರ, ಕಾಫಿ ತಿಂಡಿ ಬೇರೆ. ತ್ರಿಕೋನವನ್ನು ಎಲ್ಲರೂ ಅಂದವಾಗಿ ಬರೆದುಕೊಂಡರು. ಮಾರ್ಕೆಟ್ಟಿಗೆ ಕರೆದೊಯ್ದ ಕೂಡಲೇ ಡಯಲ್ ಆಟೊಗೆ ತಿರುಗಿತು. ಒಬ್ಬರ ಹತ್ತಿರ 18-55 ಲೆನ್ಸ್, ಇನ್ನೊಬ್ಬರ ಹತ್ತಿರ 55-250, ಮತ್ತೊಬ್ಬರು ಅಣ್ಣನ ಮಿರರ್‌ಲೆಸ್ ತಂದಿದ್ದರು. ಒಂದೊಂದು ಕಂಪನಿಯ ಮೆನು ಹುಡುಕಿಕೊಡುವುದರಲ್ಲೇ ಒಳ್ಳೆಯ ಬೆಳಕು ಕಳೆದುಹೋಗುತ್ತಿತ್ತು. ಆ ಕಾಲದಲ್ಲಿ ಕೈಯಿಂದ ಹೋದದ್ದು ನಲವತ್ತು ಸಾವಿರಕ್ಕೆ ಕಡಿಮೆಯಿಲ್ಲ.

ಎಲ್ಲರ ಕೈಗೂ ಒಂದೇ ಕ್ಯಾಮೆರಾ ಕೊಡಬೇಕು ಅನ್ನುವುದು ಅಲ್ಲಿ ಖಾತ್ರಿಯಾಯಿತು. ಸೆಕೆಂಡ್ ಹ್ಯಾಂಡ್ ನಿಕಾನ್ ಡಿ3200 ಬಾಡಿಗಳನ್ನು ಒಂದೊಂದಾಗಿ ಕೂಡಿಸಿದೆ, ತಲಾ ಹತ್ತು ಹನ್ನೆರಡು ಸಾವಿರ ಬಿತ್ತು. ಲೆನ್ಸ್ ಹಳೆಯ 50ಎಂಎಂ ಎಫ್/1.8 ಡಿ. ಡಿ3200ರೊಳಗೆ ಫೋಕಸ್ ಮೋಟಾರ್ ಇಲ್ಲ, ಈ ಲೆನ್ಸಿನಲ್ಲೂ ಇಲ್ಲ, ಹಾಗಾಗಿ ಆಟೊಫೋಕಸ್ ನಡೆಯುವುದಿಲ್ಲ. ಅಂಗಡಿಯವನು "ಈ ಜೋಡಿ ಯಾರೂ ತಗೊಳಲ್ಲ" ಅಂದ. ನನಗೆ ಬೇಕಾಗಿದ್ದೇ ಅದು. ರಿಂಗ್ ತಿರುಗಿಸಬೇಕು, ಫೋಕಸ್ ಸರಿಯಾಗಿ ವ್ಯೂಫೈಂಡರ್ ಮೂಲೆಯ ಹಸಿರು ಚುಕ್ಕಿ ನಿಂತಾಗ ಒತ್ತಬೇಕು. ಏನನ್ನು ತೆಗೆಯುತ್ತಿದ್ದೇವೆ ಅಂತ ಹೊಸಬರು ನಿಂತು ನೋಡುವುದು ಆಗಲೇ. ಅಪರ್ಚರ್ ರಿಂಗನ್ನು 22ಕ್ಕೆ ಲಾಕ್ ಮಾಡಿ ಟೇಪ್ ಸುತ್ತಿಡಿ, ಇಲ್ಲದಿದ್ದರೆ ಎಫ್‌ಇಇ ಅಂತ ಮಿಣುಕಿ ಶಟರೇ ಬೀಳುವುದಿಲ್ಲ. ಬೆಂಗಳೂರಿನ ಒಂದು ಅಂಗಡಿಯಿಂದ ಬಂದ ಲೆನ್ಸಿನೊಳಗೆ ಫಂಗಸ್ ಕಟ್ಟಿತ್ತು, ಬಿಚ್ಚಿ ತೊಳೆಸಲು ಸಾವಿರದ ಮೇಲೆ ಹೋಯಿತು. ಈಗ ಕೊಳ್ಳುವ ಮುಂಚೆ ಮೊಬೈಲ್ ಟಾರ್ಚನ್ನು ಹಿಂದಿನಿಂದ ಹಿಡಿದು ನೋಡುತ್ತೇನೆ. ಮಳೆಗಾಲದಲ್ಲಿ ಎಲ್ಲವೂ ಬಿಗಿ ಮುಚ್ಚಳದ ಡಬ್ಬದಲ್ಲಿ, ಸಿಲಿಕಾ ಜೆಲ್ ಜೊತೆ.

ಇಬ್ಬರಿಗೆ ಒಂದು ಕ್ಯಾಮೆರಾ. ಒಬ್ಬರು ತೆಗೆಯುವಾಗ ಇನ್ನೊಬ್ಬರು ಪುಸ್ತಕದಲ್ಲಿ ಶಟರ್, ಅಪರ್ಚರ್, ಐಎಸ್‌ಒ ಬರೆಯಬೇಕು. ಹಿಂದಿನ ಪರದೆಗೆ ರಟ್ಟು ಅಂಟಿಸಿರುತ್ತೇನೆ. ಫಿಲಂ ರೋಲಿನ ಲೆಕ್ಕದಲ್ಲಿ ತಲಾ 36 ಫ್ರೇಮು, ಮುಗಿದರೆ ಆ ಬೆಳಗು ಮುಗಿಯಿತು. ಅದರಲ್ಲಿ ಆರು ಆರಿಸಿ 4x6 ಪ್ರಿಂಟ್ ಹಾಕಿಸುತ್ತೇನೆ. ಪ್ರಿಂಟಿಗೆ ಹತ್ತು ರೂಪಾಯಿ ಆಸುಪಾಸು. ಬ್ಯಾಚಿಗೆ ಎಂಟು ಜನ, ಫೀಸು ಎರಡೂವರೆ ಸಾವಿರ. ಹಾಲ್ ಬಾಡಿಗೆ ಹೋಗಿ ಆ ಜಾಗಕ್ಕೆ ಪ್ರಿಂಟ್ ಖರ್ಚು ಬಂದ ಮೇಲೆಯೇ ಲೆಕ್ಕ ಸರಿಹೋಗಿದ್ದು.

ಮೊದಲ ಬೆಳಗು ಚಿಕ್ಕ ಗಡಿಯಾರದ ಗೋಪುರದ ಸುತ್ತ, ಟಾಂಗಾಗಳ ಹಿಂದೆ. ಬಿಸಿಲು ರಸ್ತೆಗೆ ಇಳಿಯುವ ಮುಂಚೆ ಐಎಸ್‌ಒ 100ರಲ್ಲಿ ಎಫ್/8 ಇಟ್ಟರೆ ಶಟರ್ ಸೆಕೆಂಡಿನ 1/30ರ ಹತ್ತಿರ ಬರುತ್ತದೆ. ಕುದುರೆಯ ಜೊತೆಗೇ ಸೊಂಟ ತಿರುಗಿಸಿದರೆ ಹಿಂದಿನ ಅಂಗಡಿಗಳೆಲ್ಲ ಗೆರೆ ಗೆರೆ. ಅದೇ ಬೆಳಕಿನಲ್ಲಿ ಕಿಂಡಿ ದೊಡ್ಡದು ಮಾಡಿ ಎಫ್/2, ಹೊತ್ತು ಚಿಕ್ಕದು ಮಾಡಿ 1/500 ಮಾಡಿಸುತ್ತೇನೆ, ಗೊರಸು ಗಾಳಿಯಲ್ಲೇ ನಿಲ್ಲುತ್ತದೆ. ಎರಡೂ ಪ್ರಿಂಟ್ ಪಕ್ಕಪಕ್ಕ ಇಟ್ಟಾಗ ಬೆಳಕಿನ ಮಟ್ಟ ಒಂದೇ, ಚಿತ್ರ ಎರಡು. ತ್ರಿಕೋನ ಬಿಡಿಸುವ ಅಗತ್ಯವೇ ಬೀಳುವುದಿಲ್ಲ. ಬಿಸಿಲು ಬಿದ್ದ ಮೇಲೆ 1/30 ಸುಟ್ಟು ಬಿಳಿಯಾಗುತ್ತದೆ, ಆದ್ದರಿಂದ ತಡವಾಗಿ ಬಂದವರಿಗೆ ಕಾಯುವುದಿಲ್ಲ.

ಎರಡನೇ ಬೆಳಗು ದೇವರಾಜ ಮಾರುಕಟ್ಟೆಯ ಹೂವಿನ ಸಾಲು. ನನಗೆ ಇಡೀ ತರಗತಿಯಲ್ಲಿ ತುಂಬಾ ಇಷ್ಟದ ಗಂಟೆ ಇದು. ಮಲ್ಲಿಗೆ ರಾಶಿಯನ್ನು ತುಂಬು ಫ್ರೇಮಿಗೆ ತೆಗೆಯಲು ಹೇಳುತ್ತೇನೆ, ಬೆಳಕು ಅಳೆಯುವ ಮೀಟರಿನ ಮುಳ್ಳು ನಡುವೆ ನಿಲ್ಲುವಂತೆ. ಪ್ರಿಂಟಿನಲ್ಲಿ ಮಲ್ಲಿಗೆ ಬೂದಿ ಬಣ್ಣ. ಹೊರಗೆ ಇಸ್ತ್ರಿ ಗಾಡಿಯ ಇದ್ದಿಲ ಚೀಲವನ್ನೂ ಹಾಗೇ ತೆಗೆಸುತ್ತೇನೆ, ಅದೂ ಬೂದಿ. ಒಂದು ಸಲ ಗೃಹಿಣಿಯೊಬ್ಬರು ಎರಡು ಪ್ರಿಂಟನ್ನೂ ಹಿಡಿದು "ಸಾರ್, ಇದಕ್ಕೆ ಕಪ್ಪು ಬಿಳುಪು ಗೊತ್ತಾಗಲ್ವಾ ಹಾಗಾದ್ರೆ?" ಅಂದರು. ಗೊತ್ತಾಗುವುದಿಲ್ಲ, ಮೀಟರ್ ಎಲ್ಲವನ್ನೂ ನಡು ಬೂದಿಯೆಂದೇ ಅಳೆಯುತ್ತದೆ, ನೀವೇ ಹೇಳಬೇಕಮ್ಮ ಅಂದೆ. ಮುಂದಿನ ಬೆಳಗು ಮಲ್ಲಿಗೆಗೆ ಒಂದು ಸ್ಟಾಪ್ (ಎರಡರಷ್ಟು ಬೆಳಕು) ಹೆಚ್ಚು, ಇದ್ದಿಲಿಗೆ ಒಂದೂವರೆ ಕಡಿಮೆ ಮಾಡಿಕೊಂಡು ತಾವೇ ಸರಿಪಡಿಸಿದರು. ಈಗ ತಂಗಿಯ ಸೀರೆ ವ್ಯಾಪಾರದ ಫೋಟೊಗಳೆಲ್ಲ ಅವರವೇ. ರೇಷ್ಮೆಯ ಜರಿ ಅಷ್ಟು ನಿಜವಾಗಿ ಬರುವುದು ನಮ್ಮೂರಿನ ಎಷ್ಟೋ ಸ್ಟುಡಿಯೊಗಳಲ್ಲಿ ಇಲ್ಲ, ಇದನ್ನು ಧೈರ್ಯವಾಗಿ ಹೇಳುತ್ತೇನೆ.

ಹೂವಿನವರಿಗೆ ಅವರವರ ಫೋಟೊದ ಪ್ರಿಂಟ್ ಮರುವಾರ ಕೊಟ್ಟುಬಿಡಿ. ಬ್ಯಾಚಿಗೆ ನೂರೈವತ್ತು ರೂಪಾಯಿ ಖರ್ಚಾದೀತು. ಕ್ಯಾಮೆರಾ ಕಂಡರೆ ಮುಖ ತಿರುಗಿಸುತ್ತಿದ್ದವರು ಈಗ ನಮ್ಮ ಗುಂಪು ಬಂದರೆ ಟಾರ್ಪಾಲು ಸರಿಸಿ ಬೆಳಕು ಬಿಡುತ್ತಾರೆ.

ಪ್ರಿಂಟ್ ಹರಡುವ ಮೇಜಿನ ಮೇಲೆ ಪತ್ರಿಕಾ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಅವರ ಕಪ್ಪು-ಬಿಳುಪು ಚಿತ್ರಗಳಿರುತ್ತವೆ. ಇದೇ ಊರಿನವರು. ಅವುಗಳ ಬಗ್ಗೆ ನಾನು ಮಾತಾಡುವುದಿಲ್ಲ, ನೋಡುವವರು ನೋಡುತ್ತಾರೆ.

ನಡುವೆ ಒಂದು ಬೇಸಿಗೆ ಪಿನ್‌ಹೋಲ್ ಹುಚ್ಚು ಹಿಡಿದಿತ್ತು. ಬಿಸ್ಕತ್ ಡಬ್ಬಕ್ಕೆ ಸೂಜಿ ತೂತು, ಒಳಗೆ ಫೋಟೊ ಪೇಪರ್, ಬಿಸಿಲಲ್ಲಿ ಅರ್ಧ ನಿಮಿಷದ ಹತ್ತಿರ ತೆರೆದಿಡುವುದು. ತೊಳೆಯಲು ಇನ್‌ಸ್ಟಂಟ್ ಕಾಫಿ ಪುಡಿ, ವಾಷಿಂಗ್ ಸೋಡಾ, ವಿಟಮಿನ್ ಸಿ ಕಲಸಿದ ನೀರು. ಕೆಂಪು ದೀಪದಡಿ ಚಿತ್ರ ಮೇಲೇಳುವಾಗ ಮಕ್ಕಳು ಕೂಗಿಕೊಂಡರು. ನಾತ ಮಾತ್ರ ಮನೆಯಲ್ಲಿ ಎರಡು ದಿನ ಹೋಗಲಿಲ್ಲ. ಪೇಪರ್ ದುಬಾರಿ, ತರಗತಿಗೆ ಹೊಂದಲಿಲ್ಲ. ರಜೆಯಲ್ಲಿ ಬೇಕೆಂದವರಿಗೆ ಈಗಲೂ ಮಾಡಿಸುತ್ತೇನೆ.

ಮೂರನೇ ಬೆಳಗು ಮೀಟರ್ ನೋಡುವಂತಿಲ್ಲ. ಬೆಳಕು ನೋಡಿ ಮೊದಲು ಅಂಕಿ ಬರೆಯಬೇಕು, ಆಮೇಲೆ ಕ್ಯಾಮೆರಾ ಎತ್ತಬೇಕು. ನಡು ಬಿಸಿಲಿಗೆ ಎಫ್/16, ಐಎಸ್‌ಒ 100, ಶಟರ್ 1/100, ಅಲ್ಲಿಂದ ನೆರಳು ಹೆಚ್ಚಿದಂತೆ ಕಿಂಡಿ ತೆರೆಯುತ್ತಾ ಬರುವುದು ಹಳೆಯ ಲೆಕ್ಕ. ಆ ದಿನ ಶುರುವಾಗುವ ಮುಂಚೆ ಪ್ರತಿ ಜೋಡಿಗೂ ಒಂದು ಚೀಟಿ ಕೊಡುತ್ತೇನೆ. ನನ್ನ ತರಗತಿ ನಿಂತಿರುವುದು ಆ ಚೀಟಿಯ ಮೇಲೆ, ಅದರಲ್ಲಿ ಏನಿದೆ ಅನ್ನುವುದು ಇಲ್ಲಿ ಬೇಡ.

ಕೊನೆಯದು ಭಾನುವಾರದ ಸಂಜೆ, ಅರಮನೆ. ಏಳಕ್ಕೆ ದೀಪ ಹತ್ತುತ್ತದೆ, ಲಕ್ಷದ ಹತ್ತಿರ ಬಲ್ಬು. ಡಿಸೆಂಬರಿನ ಬ್ಯಾಚಿಗೆ ಹಿಂದೆ ಬರೀ ಕಪ್ಪು ಆಕಾಶ ಸಿಕ್ಕಿತು, ಸೂರ್ಯ ಆರಕ್ಕೇ ಮುಳುಗಿರುತ್ತಾನೆ. ಮೇ, ಜೂನಿನಲ್ಲಿ ಏಳಕ್ಕೆ ಆಕಾಶದಲ್ಲಿ ಇನ್ನೂ ನೀಲಿ ಉಳಿದಿರುತ್ತದೆ, ಗೋಪುರದ ಅಂಚು ಅದರ ಎದುರು ಬಿಡಿಯಾಗಿ ನಿಲ್ಲುತ್ತದೆ. ಆ ನೀಲಿ ಹತ್ತು ಹದಿನೈದು ನಿಮಿಷ ಮಾತ್ರ. ಟ್ರೈಪಾಡ್ ತರಿಸುವುದಿಲ್ಲ, ಕ್ಯಾಮೆರಾವನ್ನು ಬ್ಯಾಗಿನ ಮೇಲೆ ನೆಲಕ್ಕಿಟ್ಟು ಟೈಮರ್ ಒತ್ತಿಸುತ್ತೇನೆ. ಎಫ್/16ಕ್ಕೆ ಇಳಿಸಿದರೆ ಪ್ರತಿ ದೀಪಕ್ಕೂ ನಕ್ಷತ್ರದ ಕಡ್ಡಿಗಳು. ಈ ಲೆನ್ಸಿನ ಅಪರ್ಚರಿಗೆ 7 ಎಸಳು, ಬೆಸ ಸಂಖ್ಯೆಯಾದ್ದರಿಂದ ಕಡ್ಡಿ 14. ಎಣಿಸಿ ನೋಡಿ ಅನ್ನುತ್ತೇನೆ, ಎಣಿಸುತ್ತಾರೆ.

ಮುಂದಿನ ಬ್ಯಾಚುಗಳನ್ನು ಏಪ್ರಿಲಿನಿಂದ ಜೂನಿನೊಳಗೇ ಮುಗಿಸುವ ಯೋಚನೆ. ಸಣ್ಣ ಸೆನ್ಸರಿನ ಈ ಬಾಡಿಯಲ್ಲಿ 50ಎಂಎಂ ನೋಟ 75ಎಂಎಂನಷ್ಟು ಬಿಗಿಯಾಗುತ್ತದೆ, ಮಾರ್ಕೆಟ್ಟಿನ ಇಕ್ಕಟ್ಟಿನಲ್ಲಿ ಬೆನ್ನು ಗೋಡೆಗೆ ತಾಗುತ್ತದೆ. ಅದಕ್ಕೆ ಎರಡು ಅಗಲ ನೋಟದ 35ಎಂಎಂ ಲೆನ್ಸ್ ಹುಡುಕುತ್ತಿದ್ದೇನೆ. ಅದರಲ್ಲಿ ಮೋಟಾರ್ ಇದೆ, ಆದರೂ ಆಟೊಫೋಕಸ್ ಸ್ವಿಚ್ಚಿಗೆ ಟೇಪ್ ಹಚ್ಚಿಯೇ ಕೊಡುತ್ತೇನೆ.